ಗಾಡಿ ಪ್ರಶ್ನೋತ್ತರ: ಕೈ ಬದಲಾದ ಡೀಸೆಲ್ ಕಾರಿಗೆ ಮನೆಯಲ್ಲೇ ಆರೈಕೆ

ಪ್ರಶ್ನೆ: 2013ರ ಸ್ವಿಫ್ಟ್ ಡಿಸೈರ್ ಡೀಸೆಲ್ ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. 96,000 ಕಿ.ಮೀ. ಓಡಿದೆ. ಸರ್ವೀಸ್ ಆಗಿದೆ ಅಂದರು, ಆದರೆ ಬಿಲ್ ಒಂದೂ ಇಲ್ಲ. ಮನೆಯಲ್ಲೇ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಬಿಲ್ ಇಲ್ಲ ಅಂದರೆ ಸರ್ವೀಸ್ ಆಗಿಲ್ಲ ಎಂದೇ ಹಿಡಿಯಿರಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಈ ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಅವತ್ತಿನ ಮೀಟರ್ ರೀಡಿಂಗ್ ಬರೆದಿಡಿ. ನಿಮ್ಮ 1248 ಸಿಸಿ ಎಂಜಿನ್‌ಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಬೆಲ್ಟ್ ಇಲ್ಲ, ಆ ಕೆಲಸಕ್ಕೆ ಚೈನ್ ಇದೆ. ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದಲೇ. ಆಯಿಲ್ ಕೆಟ್ಟರೆ ಚೈನ್ ಸವೆದು ಸಡಿಲವಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಚೈನ್ ಇರುವ ಪಕ್ಕದಿಂದ ಎರಡು ಮೂರು ಸೆಕೆಂಡ್ ಗಲಗಲ ಸದ್ದು ಬರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಲು ತಡ ಮಾಡಬೇಡಿ.

ಆಯಿಲ್ ಇಳಿಸುವ ಮೊದಲು ಹತ್ತು ನಿಮಿಷ ಓಡಿಸಿ ಬನ್ನಿ. ಬೆಚ್ಚಗಿದ್ದರೆ ಕೊಳೆಯೂ ಜತೆಗೇ ಇಳಿಯುತ್ತದೆ. ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಮುಂಭಾಗವನ್ನು ಜಾಕ್‌ನಿಂದ ಎತ್ತಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಹೋಗಬೇಡಿ. ಸಿಮೆಂಟ್ ಇಟ್ಟಿಗೆಯನ್ನೂ ನಂಬಬೇಡಿ, ಅದು ಯಾವ ಸೂಚನೆಯೂ ಇಲ್ಲದೆ ಒಡೆಯುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಆಯಿಲ್ ಫಿಲ್ಟರ್ ಜತೆ ಬರುವ ಹೊಸ ರಬ್ಬರ್ ರಿಂಗ್ ಹಾಕಲೇಬೇಕು. ಈ ಎಂಜಿನ್ ಹಿಡಿಯುವುದು ಸುಮಾರು ಮೂರು ಲೀಟರ್ 5ಡಬ್ಲ್ಯೂ-30 ಆಯಿಲ್. ಎರಡೂವರೆ ಲೀಟರ್ ಹಾಕಿ ನಿಲ್ಲಿಸಿ, ಒಂದು ನಿಮಿಷ ಎಂಜಿನ್ ಓಡಿಸಿ, ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಮೇಲಿನ ಗುರುತು ದಾಟಬಾರದು. ಜಾಸ್ತಿಯಾದ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ಓಡಬಲ್ಲದು, ಕೀ ತೆಗೆದರೂ ನಿಲ್ಲುವುದಿಲ್ಲ. ಹೊಸ ಆಯಿಲ್ ಎರಡೇ ದಿನಕ್ಕೆ ಕಪ್ಪಾದರೆ ಗಾಬರಿ ಬೇಡ, ಡೀಸೆಲ್ ಮಸಿಯನ್ನು ಹಿಡಿದಿಡುವುದೇ ಅದರ ಕೆಲಸ. ಗಮನಿಸಬೇಕಾದದ್ದು ಮಟ್ಟ. ಹಾಕದೆಯೇ ಮಟ್ಟ ಏರುತ್ತಿದ್ದರೆ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತಿರಬಹುದು.

ಇನ್ನು ಡೀಸೆಲ್ ಫಿಲ್ಟರ್. ಬಿಚ್ಚುವ ಮೊದಲು ತಳದ ಡ್ರೈನ್ ತಿರುಪು ಸಡಿಲಿಸಿ, ನೂರು ಮಿಲಿಯಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತದೆ, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಹೈ-ಪ್ರೆಷರ್ ಪಂಪಿಗೂ, ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೂ ಸವೆತ ತಡೆಯುವ ಎಣ್ಣೆ ಡೀಸೆಲ್ಲೇ. ಆ ಜಾಗಕ್ಕೆ ನೀರು ಹೋದರೆ ಲೋಹ ಲೋಹವನ್ನೇ ತಿನ್ನುತ್ತದೆ. ನೀರು ಸಿಕ್ಕರೆ ಹೊಸ ಫಿಲ್ಟರನ್ನು ಸಾವಿರ ಕಿ.ಮೀ.ಗೆ ಮತ್ತೊಮ್ಮೆ ಡ್ರೈನ್ ಮಾಡಿ ನೋಡಿ.

ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿಗೆ ಸೇರಿದ ಏರ್ (ಗಾಳಿ) ತೆಗೆಯಬೇಕು. ಕೈಪಂಪ್ ಇರುವ ಗಾಡಿಯಲ್ಲಿ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲೇ ಪಂಪ್ ಇದ್ದರೆ ಸ್ಟಾರ್ಟ್ ಮಾಡದೆ ಐದಾರು ಸಲ ಕೀ ಆನ್-ಆಫ್ ಮಾಡಿ. ಟ್ರ್ಯಾಕ್ಟರಿಗೆ ಮಾಡುವಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವುದು ಇಲ್ಲಿ ಬೇಡವೇ ಬೇಡ. ಆ ಪೈಪಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಅದೇ ಕ್ಷಣ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ: ಬೆಳಗ್ಗೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಗುತ್ತದೆ. ಆಮೇಲೆ ದಿನವೆಲ್ಲ ತೊಂದರೆಯಿಲ್ಲ.
– ಓದುಗರು, ಗೌರಿಬಿದನೂರು

ಉತ್ತರ: ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಮೊದಲ ಅನುಮಾನ, ತಣ್ಣನೆ ಸ್ಟಾರ್ಟಿಗೆ ಸಿಲಿಂಡರ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಮೇಲೆ. ಎಂಜಿನ್ ತಣ್ಣಗಿರುವಾಗ, ಕೀ ತೆಗೆದು, ಪ್ಲಗ್‌ಗಳ ವೈರ್ ಬಿಚ್ಚಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ ಲೋಹಕ್ಕೆ ಹಿಡಿಯಿರಿ. ಒಂದು ಓಮ್ ಆಸುಪಾಸು ತೋರಿಸಿದರೆ ಸರಿ, ರೀಡಿಂಗೇ ಬರದಿದ್ದರೆ ಪ್ಲಗ್ ಸುಟ್ಟಿದೆ. ನಾಲ್ಕೂ ಸರಿಯಿದ್ದರೆ ಅವಕ್ಕೆ ಕರೆಂಟ್ ಬರುತ್ತಿದೆಯೇ ನೋಡಿ: ಫ್ಯೂಸ್, ಆಮೇಲೆ ರಿಲೇ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್).

ಹಳೇ ಪ್ಲಗ್ ಬಿಚ್ಚುವಾಗ ತಾಳ್ಮೆ ಬೇಕು. ಹಿಂದಿನ ರಾತ್ರಿ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಮರುದಿನ ಎಂಜಿನ್ ಬಿಸಿ ಮಾಡಿ, ಮುಂದೆ ಹಿಂದೆ ಸ್ವಲ್ಪ ಸ್ವಲ್ಪ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಮುರಿದು ಒಳಗೆ ಉಳಿದರೆ ಎಂಜಿನ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸುವ ಖರ್ಚು ಬೀಳಬಹುದು.

ಬ್ಯಾಟರಿಯನ್ನೂ ಅಳೆಯಿರಿ. ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ನಿಧಾನ ತಿರುಗಿದರೆ ಡೀಸೆಲ್ ಒತ್ತಡವೇ ಏಳುವುದಿಲ್ಲ. ಸೆಲ್ಫ್ ಹೊಡೆದಷ್ಟೂ ಹೊಗೆಯೇ ಬಾರದಿದ್ದರೆ ಮಾತ್ರ ಬೇರೆ ಕತೆ, ಆಗ ಡೀಸೆಲ್ ಪೈಪಿನಲ್ಲಿ ಏರ್ ಎಳೆಯುತ್ತಿದೆಯೇ ಹುಡುಕಬೇಕು.

ಪ್ರಶ್ನೆ: ವಾರಕ್ಕೆ ಅರ್ಧ ಲೀಟರ್ ರೇಡಿಯೇಟರ್ ನೀರು ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರು ತುಂಬಿಸುತ್ತಿದ್ದೇನೆ. ಏರಿನಲ್ಲಿ ಹೀಟ್ ಆಗುತ್ತದೆ.
– ಓದುಗರು, ಮುಳಬಾಗಿಲು

ಉತ್ತರ: ಬೋರ್ ನೀರನ್ನು ಇವತ್ತೇ ನಿಲ್ಲಿಸಿ. ನಮ್ಮ ಕಡೆಯ ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಕೂರುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಂತಾಗುತ್ತದೆ.

ಆದರೆ ಮೊದಲು ಸೋರಿಕೆ ಹುಡುಕಿ. ಹೋಸ್ ತುದಿಗಳು, ವಾಟರ್ ಪಂಪ್ ಸುತ್ತ ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಇದೆಯೇ? ಪಕ್ಕದ ಸೀಟಿನ ಕಾಲ ಬಳಿ ಮ್ಯಾಟ್ ಒದ್ದೆಯೇ? ಹೊರಗೆಲ್ಲೂ ಸೋರದೆ ನೀರು ಇಳಿಯುತ್ತಿದ್ದು, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗಿ ರೇಡಿಯೇಟರ್ ನೀರಿನ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗಿರುವ ಸಾಧ್ಯತೆ ಹೆಚ್ಚು. ಅದು ಮನೆ ಕೆಲಸವಲ್ಲ, ಓಡಿಸುವುದನ್ನೂ ನಿಲ್ಲಿಸಿ.

ಸೋರಿಕೆ ಸರಿಪಡಿಸಿದ ಮೇಲೆ ತೊಳೆಯುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಕ್ಯಾಪ್ ತೆಗೆಯಿರಿ. ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ನೀರು ತುಂಬಿ, ಎ.ಸಿ. ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಒಮ್ಮೆ ತಿರುಗುವವರೆಗೆ ಎಂಜಿನ್ ಓಡಿಸಿ. ತಣ್ಣಗಾದ ಮೇಲೆ ಇಳಿಸಿ. ತಿಳಿಯಾಗುವವರೆಗೆ, ಅಂದರೆ ಎರಡು ಮೂರು ಸಲ, ಹೀಗೆ ಮಾಡಿ, ಆಮೇಲೆ ಕೂಲಂಟ್ (ಎಂಜಿನ್ ತಣ್ಣಗಿಡಲು ಬೆರೆಸುವ ದ್ರವ) ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ತುಂಬಿ. ಇಳಿಸಿದ ಕೂಲಂಟ್ ಸಿಹಿಯಾದ ವಿಷ. ದನ, ನಾಯಿ, ಮಕ್ಕಳ ಕೈಗೆ ಸಿಗುವಂತೆ ಬಾಣಲೆಯಲ್ಲಿ ಬಿಡಬೇಡಿ.

ಪ್ರಶ್ನೆ: ದೇವರಾಯನದುರ್ಗ ಹತ್ತುವಾಗ ಪಿಕಪ್ ಇಲ್ಲ, ಕಪ್ಪು ಹೊಗೆ.
– ಓದುಗರು, ಊರ್ಡಿಗೆರೆ

ಉತ್ತರ: ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್ ನೋಡಿ. ಜಲ್ಲಿ ಕ್ರಷರ್ ರಸ್ತೆಯಲ್ಲಿ ಓಡಾಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಅವಧಿಯ ಅರ್ಧಕ್ಕೇ ಬದಲಿಸುವುದು ಒಳ್ಳೆಯದು. ನಂತರ, ಎಂಜಿನ್‌ಗೆ ಗಾಳಿ ತುಂಬುವ ಟರ್ಬೋದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ಹೋಸ್‌ಗಳ ಕೆಳಮೈಯನ್ನು ಕೈಯಿಂದ ಸವರಿ. ಸೀಳು ಅಲ್ಲೇ ಅಡಗಿರುತ್ತದೆ, ಸುತ್ತ ಎಣ್ಣೆ ಜಿಡ್ಡು ಇರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಉಸ್ ಎನ್ನುತ್ತದೆ. ಎರಡೂ ಸರಿಯಿದ್ದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೇ ಬಿಡುವ, ಮಸಿ ಕಟ್ಟಿದ ಇಜಿಆರ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡಿಸಿ.

ಪ್ರಶ್ನೆ: ಆಯಿಲ್ ಬದಲಿಸುವಾಗ ಡೀಸೆಲ್ ಹಾಕಿ ಎಂಜಿನ್ ತೊಳೆಯಬಹುದೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಡ. ಡೀಸೆಲ್ ತೆಳು, ಬೇರಿಂಗಿಗೂ ಟರ್ಬೋಗೂ ಬೇಕಾದ ಆಯಿಲ್ ಪದರ ಅದರಿಂದ ನಿಲ್ಲುವುದಿಲ್ಲ. ಒಳಗೆ ಕೊಳೆ ಹೆಚ್ಚಿದೆ ಅನಿಸಿದರೆ ಹೊಸ ಆಯಿಲ್, ಫಿಲ್ಟರ್ ಹಾಕಿ, ಎರಡು ಸಾವಿರ ಕಿ.ಮೀ.ಗೇ ಎರಡನ್ನೂ ಮತ್ತೊಮ್ಮೆ ಬದಲಿಸಿ. ಇಳಿಸಿದ ಹಳೇ ಆಯಿಲನ್ನು ಚರಂಡಿಗೆ, ಕೆರೆ ಕಾಲುವೆಗೆ ಸುರಿಯದೆ ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಸರ್ವೀಸ್ ಸೆಂಟರಿಗೆ ಕೊಡಿ.