ಶೀಲು ಇಲ್ಲದ ಬೆಲ್ಲ

ಮಹಾಲಿಂಗಪುರದ ಕಡೆಯ ಓದುಗರೊಬ್ಬರ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಎರಡೂವರೆ ಎಕರೆ ಕಬ್ಬು, ಆರು ವರ್ಷದಿಂದ ಸರಕಾರಿ (ಅಂದರೆ ರಾಸಾಯನಿಕ) ಗೊಬ್ಬರ ಮುಟ್ಟಿಲ್ಲ, ತಿಪ್ಪೆಗೊಬ್ಬರ ಮತ್ತು ಸೆಗಣಿ-ಗಂಜಲ ಕೊಳೆಸಿ ಮಾಡುವ ಜೀವಾಮೃತದ ಮೇಲೆಯೇ ಬೆಳೆ. ಬೆಲ್ಲ ಮಾಡಿಸಿ ಬೆಳಗಾವಿಯ ಅಂಗಡಿಯೊಂದಕ್ಕೆ ಒಯ್ದರೆ, ಮಾಲೀಕರು "ಸರ್ಟಿಫಿಕೇಟ್ ಎಲ್ಲೈತ್ರಿ?" ಎಂದು ಕೇಳಿ ಹಿಂದೆ ಕಳಿಸಿದರಂತೆ. ಅದೇ ಅಂಗಡಿಯ ಕಪಾಟಿನಲ್ಲಿ 'ನ್ಯಾಚುರಲ್' ಎಂದು ಬರೆದ, ಬಂಗಾರದ ಬಣ್ಣದ ಬೆಲ್ಲ ಕೂತಿತ್ತು. ಪತ್ರದ ಕೊನೆಯ ಸಾಲು ನೇರ ನನಗೇ: "ಸಾವಯವ ಅಂದ್ರ ಶೀಲು ನೋಡಿ ತಗೋರಿ ಅಂತ ನೀವ ಬರದೀರಿ. ಶೀಲು ಇಲ್ಲದಾವ್ರೆಲ್ಲಾ ಕಳ್ಳರೇನ್ರಿ?"

ಅಲ್ಲರಿ. ಆ ಸಾಲನ್ನು ಅಚ್ಚಿಗೆ ಬಿಟ್ಟವನು ನಾನೇ. ಪೇಟೆಯ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತದು. ಹೊಲದ ಬದುವಿನ ಮೇಲೆ ಕೂತು ಓದುವವರಿಗೆ ಹೇಗೆ ಕೇಳಿಸೀತು ಎಂದು ಯೋಚಿಸಲಿಲ್ಲ. ತಪ್ಪು ನನ್ನದು.

ಆದರೆ ಅಂಗಡಿಯವರ ಮೇಲೆ ಸಿಟ್ಟು ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಮಾಡಿದ ನಿಯಮದಂತೆ, ಸಾವಯವ ಎಂದು ಹೇಳಿ ಮಾರುವ ಮಾಲಿಗೆ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ (ರೈತರ ಗುಂಪೇ ಕೊಡುವ ಖಾತ್ರಿ), ಎರಡರಲ್ಲೊಂದು ಪ್ರಮಾಣಪತ್ರ ಇರಬೇಕು. ಸಣ್ಣ ರೈತ ತಾನೇ ಗಿರಾಕಿಯ ಕೈಗೆ ಕೊಟ್ಟರೆ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದಿದ್ದರೆ, ಈ ಕಟ್ಟುಪಾಡು ಇಲ್ಲ. ಸಾವಯವ ಆಹಾರದ ಸರಕಾರಿ ಗುರುತಾದ 'ಜೈವಿಕ ಭಾರತ'ವನ್ನು ಮಾತ್ರ ಹಾಕುವಂತಿಲ್ಲ. ನೀವೇ ಸಂತೆಯಲ್ಲಿ ಕೂತು ಮಾರಿದರೆ ಕಾನೂನು ನಿಮ್ಮ ಕಡೆಗಿದೆ. ನಡುವೆ ಅಂಗಡಿ ಬಂತೋ, ವಿನಾಯಿತಿ ಹೋಯಿತು.

'ನ್ಯಾಚುರಲ್' ಪೊಟ್ಟಣದ ಕತೆ ಬೇರೆ. 2018ರ ಜಾಹೀರಾತು ನಿಯಮಗಳ ಪ್ರಕಾರ ಅದು ಏನೂ ಬೆರೆಸದ, ತಿನ್ನಲು ಯೋಗ್ಯವಾಗುವಷ್ಟೇ ಸಂಸ್ಕರಿಸಿದ ಪದಾರ್ಥ. ಕಬ್ಬಿಗೆ ಎಷ್ಟು ಯೂರಿಯಾ ಬಿತ್ತು, ಕಳೆನಾಶಕ ಹೊಡೆದರೋ ಇಲ್ಲವೋ ಎಂದು ಈ ಪದ ಕೇಳುವುದೇ ಇಲ್ಲ. ಸಾವಯವದ ಲೆಕ್ಕ ಹೊಲದಿಂದ ಶುರು, ನ್ಯಾಚುರಲ್‌ನದು ಕೊಪ್ಪರಿಗೆಯಿಂದ. ಕನ್ನಡದಲ್ಲಿ ಗೊಂದಲ ಇನ್ನೂ ಹೆಚ್ಚು. ಸುಭಾಷ್ ಪಾಳೇಕರರ, ರಾಸಾಯನಿಕ ಮುಟ್ಟದ ಬೇಸಾಯ ಪದ್ಧತಿಗೂ ನೈಸರ್ಗಿಕ ಕೃಷಿ ಅನ್ನುತ್ತೇವೆ, ಇಂಥ ಪೊಟ್ಟಣದ ಮೇಲೂ ಅದೇ 'ನೈಸರ್ಗಿಕ'.

ನಿಮ್ಮ ಪತ್ರದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. "ಊರ ಗಾಣದಾಗ ಬೆಲ್ಲ ಮಾಡಿಸೀನಿ" ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಗಾಣದಲ್ಲಿ ನಾನೊಂದು ರಾತ್ರಿ ಕಳೆದಿದ್ದೆ. ಕಬ್ಬಿನ ಹಾಲು ಕುದಿದು ಮಡ್ಡಿ ಮೇಲೆ ಬಂತು, ಬೆಂಡೆ ಗಿಡದ ಲೋಳೆ ಹಾಕಿ ಅದನ್ನು ತೆಗೆದರು. ಅಲ್ಲಿಯವರೆಗೆ ಎಲ್ಲ ಅಜ್ಜನ ಕಾಲದ್ದೇ. ಪಾಕ ಹದಕ್ಕೆ ಬರುವ ಹೊತ್ತಿಗೆ ಗಾಣದವ ಗೂಡಿನಿಂದ ಒಂದು ಡಬ್ಬಿ ಇಳಿಸಿ ಬಿಳಿ ಪುಡಿ ಉದುರಿಸಿದ. ಬೆಂಕಿಕಡ್ಡಿ ಗೀರಿದಂಥ ವಾಸನೆ. ಕಂದು ಬಣ್ಣ ನೋಡನೋಡುತ್ತ ಅರಿಸಿನಕ್ಕೆ ತಿರುಗಿತು. ಹೈಡ್ರೋಸ್, ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ. "ಇದು ಬೀಳಲಿಲ್ಲಂದ್ರ ಸವಾಲಿನ್ಯಾಗ ಯಾರೂ ಮುಟ್ಟಂಗಿಲ್ರಿ" ಎಂದ. ಅದೂ ಸುಳ್ಳಲ್ಲ. ಹರಾಜಿನಲ್ಲಿ ಬಣ್ಣ ನೋಡಿ ರೇಟು ಕೂಗುವವರ ಎದುರು ಅವನಾದರೂ ಏನು ಮಾಡಿಯಾನು? ಈ ಪುಡಿಯಿಂದ ಉಳಿಯುವ ಸಲ್ಫರ್ ಡೈಆಕ್ಸೈಡ್ ಬೆಲ್ಲದಲ್ಲಿ ಕಿಲೋಗೆ 70 ಮಿಲಿಗ್ರಾಂ ತನಕ ಇರಬಹುದು ಎನ್ನುತ್ತದೆ ಕಾನೂನು. ಹಿಡಿಯಲ್ಲಿ ಅಳೆಯುವ ಕೈಗೆ ಆ 70 ಹೇಗೆ ಗೊತ್ತಾಗಬೇಕು?

ಹೀಗಾಗಿ ನಿಮ್ಮ ಬೆಲ್ಲದ ಬಣ್ಣ ಹೇಗಿದೆ ಎಂದು ಕೇಳಲೇಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಸಾವಯವದ ತಪಾಸಣೆ ಹೊಲದ ಬದುವಿಗೇ ನಿಲ್ಲುವುದಿಲ್ಲ, ಕೊಪ್ಪರಿಗೆಯ ತನಕ ಬರುತ್ತದೆ. ಗಾಣದವರ ಜೊತೆ ಮಾತಾಡಿ, ತೊಳೆದ ಕೊಪ್ಪರಿಗೆಯಲ್ಲಿ ದಿನದ ಮೊದಲ ಪಾಕ ನಿಮ್ಮದಾಗುವಂತೆ ನೋಡಿಕೊಳ್ಳಿ. ಡಬ್ಬಿ ಗೂಡಿನಲ್ಲೇ ಇರಲಿ.

ಪ್ರಮಾಣಪತ್ರ ಮಾಡಿಸಬೇಕೇ ಎಂದು ಕೇಳಿದ್ದೀರಿ. ಎನ್‌ಪಿಒಪಿ ಮುಖ್ಯವಾಗಿ ರಫ್ತಿನ ದಾರಿ, ನೋಡಿಕೊಳ್ಳುವುದು ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾ. ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ, ಅದರ ಶುಲ್ಕ ನಿಮ್ಮದು. ಎರಡೂವರೆ ಎಕರೆಗೆ ಒಬ್ಬರೇ ಹೊರುವ ಭಾರವಲ್ಲ. ಪಿಜಿಎಸ್‌ನಲ್ಲಿ ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ಕಾಲಕ್ಕೆ 'ಪಿಜಿಎಸ್ ಗ್ರೀನ್', ಆಮೇಲೆ 'ಪಿಜಿಎಸ್ ಆರ್ಗ್ಯಾನಿಕ್'. ದೇಶದೊಳಗೆ ಮಾರಲು ಇದು ಸಾಕು, ಅಂಗಡಿಯವರೂ ಒಪ್ಪಬೇಕು. ತೊಡಕಿರುವುದು ಬೇರೆ ಕಡೆ. ಪಕ್ಕದ ಹೊಲದ ಮಾವ ರಾತ್ರಿ ಕಳ್ಳತನದಿಂದ ಯೂರಿಯಾ ಚೆಲ್ಲಿದ್ದನ್ನು ಕಂಡು ಅಳಿಯ ಕಾಗದದ ಮೇಲೆ ಬರೆದಾನೆಯೇ? ಗುಂಪಿಗೆ ಹೂಂ ಅನ್ನುವ ಮೊದಲು ಉಳಿದ ನಾಲ್ವರು ಯಾರು ಎಂದು ನೋಡಿಕೊಳ್ಳಿ. ಆರು ವರ್ಷದ ದುಡಿಮೆಗೆ ಈಗ ಕಾಗದದ ಸಾಕ್ಷಿ ಇಲ್ಲ. ಏನು ಹಾಕಿದಿರಿ, ಯಾವತ್ತು ಹಾಕಿದಿರಿ ಎಂದು ಇಂದಿನಿಂದಲೇ ಒಂದು ವಹಿಯಲ್ಲಿ ಬರೆದಿಡಿ.

ನನ್ನನ್ನು ಕೇಳಿದರೆ ಈ ವರ್ಷ ಅಂಗಡಿಯ ಆಸೆ ಬಿಡಿ. ಬೆಲ್ಲ ತಯಾರಿಸಿದ ಪದಾರ್ಥವಾದ್ದರಿಂದ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಬೆಳಗಾವಿಯಲ್ಲಿ ಮೂವತ್ತು ಮನೆಯ ಗಿರಾಕಿ ಹಿಡಿಯಿರಿ. ಪೊಟ್ಟಣದ ಮೇಲೆ ಸಾವಯವ, ನ್ಯಾಚುರಲ್ ಏನೂ ಬರೆಯಬೇಡಿ. "ತಿಪ್ಪೆಗೊಬ್ಬರದ ಕಬ್ಬು, ಹೈಡ್ರೋಸ್ ಹಾಕಿಲ್ಲ, ಬಣ್ಣ ಕಪ್ಪು" ಎಂದು ಬರೆದು ನಿಮ್ಮ ಫೋನ್ ನಂಬರ್ ಹಾಕಿ.

ಮೊದಲ ಮನೆ ನಮ್ಮದೇ ಆಗಲಿ, ರೊಕ್ಕ ಕೊಟ್ಟೇ ತಗೊಳ್ಳುತ್ತೇವೆ. ಗಾಣ ಯಾವಾಗ ಹೂಡುತ್ತೀರಿ ತಿಳಿಸಿ. ಹಿಂದಿನ ರಾತ್ರಿ ಕೊಪ್ಪರಿಗೆ ತೊಳೆಯುವ ಹೊತ್ತಿಗೇ ಬರುತ್ತೇನೆ.

— ಸಂಪಾದಕ