ಕೀಮೋ ನಡೆಯುತ್ತಿರುವಾಗ ಅಪ್ಪನಿಗೆ ಇಮ್ಯೂನಿಟಿಗೆ ಕಡಲಕಳೆ ಕ್ಯಾಪ್ಸೂಲ್ ಕೊಡಬೇಕು ಅಂತಿದ್ದೇನೆ, ಯಾವುದು ಒಳ್ಳೆಯದು?

ಯಾವುದೂ ಬೇಡ. ಡಾಕ್ಟರಿಗೆ ತೋರಿಸುವ ತನಕ ಒಂದು ಕ್ಯಾಪ್ಸೂಲೂ ಕೊಡಬೇಡಿ.

ನಮ್ಮಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಗ್ರಂಥಿ ತೆಗೆದಿದ್ದರು, ಅಳಿದುಳಿದ ಕೋಶಗಳನ್ನು ನಾಶ ಮಾಡಲು ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್, ಕೊಡಬೇಕಿತ್ತು. ಆಗ ನಾನೂ ನಿಮ್ಮ ಹಾಗೆಯೇ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಕಂದು ಕಡಲಕಳೆಯಲ್ಲಿ ಫ್ಯುಕಾಯ್ಡನ್ ಅನ್ನೋ ಅಂಶ ಇದೆ, ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಓದಿ, ಕೆಲ್ಪ್ ಅನ್ನೋ ಕಂದು ಕಡಲಕಳೆಯ ಕ್ಯಾಪ್ಸೂಲ್ ತರಿಸಿ ದಿನಾ ಕೊಟ್ಟೆ.

ಡಾಕ್ಟರಿಗೆ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಏನೇನು ಮಾತ್ರೆ ತಗೊಳ್ತಿದ್ದಾರೆ ಅಂತ ಅವರು ಕೇಳಿದಾಗ ಇದು ನೆನಪಿಗೇ ಬರಲಿಲ್ಲ, ಇದು ಔಷಧಿ ಅಲ್ಲವಲ್ಲ. ಅಯೋಡಿನ್ ಇರುವುದು ಏನೂ ತಿನ್ನಬಾರದು ಅಂತ ಪಟ್ಟಿ ಕೊಟ್ಟಿದ್ದರು. ಉಪ್ಪು ಬದಲಿಸಿದೆ, ಮೀನು ಬಿಟ್ಟೆವು, ಮೊಟ್ಟೆಯ ಹಳದಿ ಬಿಟ್ಟೆವು, ಆದರೆ ಕ್ಯಾಪ್ಸೂಲು ನನಗೆ ಊಟದ ಲೆಕ್ಕಕ್ಕೂ ಬರಲಿಲ್ಲ. ಕೊನೆಗೆ ಮೂತ್ರ ಪರೀಕ್ಷೆಯಲ್ಲಿ ಅಯೋಡಿನ್ ವಿಪರೀತ ಬಂತು, ಚಿಕಿತ್ಸೆ ಮುಂದಕ್ಕೆ ಹೋಯಿತು. ಥೈರಾಯ್ಡ್ ಕೋಶ ಹಸಿದಿದ್ದರೆ ಮಾತ್ರ ಆ ವಿಕಿರಣದ ಅಯೋಡಿನ್ ಎಳೆದುಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಮೊದಲೇ ತುಂಬಿದ್ದರೆ ಆಮೇಲೆ ಬಂದವರು ಎಲ್ಲಿ ಕೂರಬೇಕು? ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಒಣಗಿದ ‘ಕೊಂಬು’ ಅನ್ನೋ ಜಾತಿಯ ಕೆಲ್ಪಿನ ಒಂದೇ ಗ್ರಾಂನಲ್ಲಿ 1000ಕ್ಕಿಂತ ಜಾಸ್ತಿ ಇರಬಹುದು! ಚಿಕಿತ್ಸೆಗೋಸ್ಕರ ಹಾರ್ಮೋನ್ ಮಾತ್ರೆ ನಿಲ್ಲಿಸಿದ್ದರಿಂದ ಅಮ್ಮ ಮೊದಲೇ ಸುಸ್ತಾಗಿ, ಚಳಿ ಚಳಿ ಅಂತ ಮುದುಡಿ ಮಲಗಿದ್ದರು. ಅದನ್ನೆಲ್ಲ ಇನ್ನೊಂದು ಸಲ ಅನುಭವಿಸಿದರು.

ನಿಮ್ಮ ಅಪ್ಪನದು ಬೇರೆ ಕ್ಯಾನ್ಸರ್ ಇರಬಹುದು, ಸರಿ. ಆದರೂ ಫ್ಯುಕಾಯ್ಡನ್ ಕೋಶ ಕೊಂದಿದ್ದು ಹೆಚ್ಚಾಗಿ ಗಾಜಿನ ತಟ್ಟೆಯಲ್ಲಿ, ಇಲಿಗಳಲ್ಲಿ. ತಟ್ಟೆಯಲ್ಲಿ ಅದನ್ನು ನೇರವಾಗಿ ಕೋಶದ ಮೇಲೆ ಹಾಕುತ್ತಾರೆ. ನುಂಗಿದರೆ ಅಷ್ಟು ದೊಡ್ಡ ಸಕ್ಕರೆ ಸರಪಳಿ ರಕ್ತಕ್ಕೆ ಸೇರುವುದೇ ಕಡಿಮೆ. ತಿಂದು ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಅಪ್ಪ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ತಿದ್ದರೆ ಇನ್ನೂ ಹುಷಾರು, ಕಡಲಕಳೆಯ ವಿಟಮಿನ್ ಕೆ ಅದರ ಕೆಲಸ ಕೆಡಿಸಬಹುದು.

ಈ ‘ಇಮ್ಯೂನಿಟಿ ಹೆಚ್ಚಿಸುವುದು’ ಅನ್ನೋದನ್ನೇ ತಲೆಯಿಂದ ತೆಗೆಯಿರಿ. ಕೀಮೋದಲ್ಲಿ ಬೀಳುವುದು ಬಿಳಿ ರಕ್ತಕಣ, ಅದನ್ನು ಏರಿಸಲು ಡಾಕ್ಟರ ಹತ್ತಿರ ಇಂಜೆಕ್ಷನ್ ಇದೆ. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಪುಡಿ, ಕಷಾಯ, ಕ್ಯಾಪ್ಸೂಲ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿ. ಅವರು ಕೇಳಲಿ ಅಂತ ಕಾಯಬೇಡಿ.