ನೆಲ ನೋಡಿಕೊಂಡೇ ಮಾತಾಡಿದ ಟೈಲ್ಸ್ ಮೇಸ್ತ್ರಿ

(ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬ ಟೈಲ್ಸ್ ಮೇಸ್ತ್ರಿಯ ಕಥೆ ಇದು, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಜೂನ್ ತಿಂಗಳ ಮಳೆ. ಮೊದಲು ಒಳಗೆ ಬಂದದ್ದು ಹೆಂಡತಿ. "ನೀವರ ಹೇಳ್ರಿ ಮೇಡಮ್ಮಾರ, ಮನ್ಯಾಗ ಬಾಯಿ ತಗದ್ರ ಬರೇ ಸಿಟ್ಟು" ಎಂದರು. ಹಿಂದೆ ಗೋಡೆ ಹಿಡಿದುಕೊಂಡು ಅವರು ಬಂದರು. ಕೂತವರು ನೆಲ ನೋಡಿಕೊಂಡೇ ಮಾತಾಡಿದರು. ಪಾಪ, ನಾಚಿಕೆ ಅಂದುಕೊಂಡೆ.

ವಯಸ್ಸು 42. ಬಾಗಲಕೋಟೆ ಕಡೆಯವರು. ಮಂಗಳೂರಿಗೆ ಬಂದು 17 ವರ್ಷ ಆಯಿತು, ಕೂಳೂರು ಬದಿಯಲ್ಲಿ ಒಂದು ಬಾಡಿಗೆ ರೂಮು. ಹೆಲ್ಪರ್ ಆಗಿ ಶುರು ಮಾಡಿ ಈಗ ಟೈಲ್ಸ್ ಮೇಸ್ತ್ರಿ. ಕಾಲು ಎರಡೂ ಚಿಕ್ಕಂದಿನಿಂದ ಹೊರಕ್ಕೆ ಬಾಗಿವೆ. ಪಾದ ಜೋಡಿಸಿ ನಿಂತರೂ ಎರಡು ಮೊಣಕಾಲಿನ ನಡುವೆ ಒಂದು ಮುಷ್ಟಿ ತೂರಿಸಬಹುದು. ಎರಡು ವರ್ಷದಿಂದ ಒಳಬದಿ ನೋವು. ಬೆಳಿಗ್ಗೆ ಮೆಡಿಕಲ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆ, ರಾತ್ರಿ ಒಂದು ಕ್ವಾರ್ಟರ್. ಇಷ್ಟರಲ್ಲೇ ದಿನ ಕಳೆಯುತ್ತಿದ್ದರು.

ನನ್ನ ಹತ್ತಿರ ಕಳಿಸಿದ್ದು ಅವರನ್ನು ನೋಡುತ್ತಿದ್ದ ಫಿಸಿಯೋಥೆರಪಿಸ್ಟ್. ವ್ಯಾಯಾಮ ಹೇಳಿಕೊಟ್ಟರೆ ತಲೆ ಆಡಿಸಿ ಹೋಗುತ್ತಾರೆ, ಮನೆಯಲ್ಲಿ ಮಾಡುವುದಿಲ್ಲ, ಯಾಕೆ ಅಂತ ನೋಡಿ ಎಂದಿದ್ದರು.

ಮೊದಲ ದಿನ ನಾನೇ ಎಡವಿದೆ. ಖಾಲಿ ಹೊಟ್ಟೆಗೆ ನೋವಿನ ಮಾತ್ರೆ, ಮೇಲೆ ಸಾರಾಯಿ ಅಂದ ಕೂಡಲೇ ಹೊಟ್ಟೆಹುಣ್ಣು, ರಕ್ತಸ್ರಾವ, ಕಿಡ್ನಿ ಅಂತ ಅರ್ಧ ಗಂಟೆ ಭಾಷಣ ಮಾಡಿದೆ. ಹೇಳಿದ್ದೆಲ್ಲ ನಿಜವೇ. ಆದರೆ ಅವರು ಮೂರು ವಾರ ಬರಲಿಲ್ಲ.

ಮತ್ತೆ ಬಂದಾಗ ನಾನು ಬಾಯಿ ಮುಚ್ಚಿ ಕೂತೆ. ಆಗ ವಿಷಯ ಹೊರಬಂತು. ಫಿಸಿಯೋ ಅವರಿಗೆ ತೂಗುಗುಂಡಿನ (ಗೋಡೆ ನೆಟ್ಟಗಿದೆಯಾ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು) ಹೋಲಿಕೆ ಕೊಟ್ಟಿದ್ದರಂತೆ. ನೆಟ್ಟಗಿನ ಕಾಲಿನಲ್ಲಿ ಮೈಭಾರದ ಗೆರೆ ಮೊಣಕಾಲಿನ ನಡುವೆ ಇಳಿಯುತ್ತದೆ. ಹೊರಕ್ಕೆ ಬಾಗಿದ ಕಾಲಿನಲ್ಲಿ ಒಳಬದಿಗೆ ಸರಿಯುತ್ತದೆ, ಅಲ್ಲಿನ ಮೆತ್ತನೆ ಪದರ ಬೇಗ ಸವೆಯುತ್ತದೆ. ಮೇಸ್ತ್ರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಆದರೆ ಇವರು ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದರು.

"ವಾಲಿದ ಗ್ವಾಡಿ ಇವತ್ತಿಲ್ಲ ನಾಳೆ ಬೀಳೂದ ಅಲ್ರಿ? ನಮ್ಮಪ್ಪಂದೂ ಹಿಂಗ ಇತ್ತು. ಐವತ್ತಕ್ಕ ಹೊರಸು ಹಿಡದ. ಮತ್ತ ಯಾಕ ಕಾಲ ಎತ್ತಿ ಇಳಿಸಿ ಮಾಡ್ಲಿ?"

"ಗೋಡೆಗೆ ಮಾಂಸ ಇಲ್ಲ ಅಣ್ಣ, ನಿಮ್ಮ ಕಾಲಿಗೆ ಇದೆ" ಎಂದೆ. ಅವರು ಮೊದಲ ಸಲ ಸ್ವಲ್ಪ ನಕ್ಕರು.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಕಾಲಿನ ಆಕಾರ ಬೇರೆ, ಕಾಲು ಮಾಡುವ ಕೆಲಸ ಬೇರೆ. ಈ ವಯಸ್ಸಿನಲ್ಲಿ ವ್ಯಾಯಾಮದಿಂದ ಮೂಳೆ ನೆಟ್ಟಗಾಗುವುದಿಲ್ಲ, ಹಾಗಂತ ಸುಳ್ಳು ಆಸೆ ಕೊಡಲಿಲ್ಲ. ಮೂಳೆ ಕತ್ತರಿಸಿ ನೇರ ಮಾಡುವ ಆಪರೇಷನ್ ಇದೆ. ಅದು ಬೇಕೋ ಬೇಡವೋ ಎಂದು ಹೇಳಬೇಕಾದವರು ಮೂಳೆ ಡಾಕ್ಟರು, ನಾನಲ್ಲ. ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಅದೇ ಬಾಗಿದ ಕಾಲು ಜಾಸ್ತಿ ಕೆಲಸ ಮಾಡಬಹುದು, ಕಡಿಮೆ ನೋಯಬಹುದು. ಅಪ್ಪನ ಕಾಲು ಸವೆದದ್ದು ಬರೀ ಬಾಗಿದ್ದಕ್ಕೆ ಅಂತಲೂ ಹೇಳಲಾಗದು. ಅವರು ಕಲ್ಲು ಹೊರುತ್ತಿದ್ದರಂತೆ. ದಿನವಿಡೀ ಕುಕ್ಕರಗಾಲಲ್ಲಿ ಕೂರುವುದು, ಮೊಣಕಾಲೂರುವುದು, ಭಾರ ಎತ್ತುವುದು, ಇವು ನೆಟ್ಟಗಿನ ಕಾಲನ್ನೂ ಬಿಡುವುದಿಲ್ಲ.

ನಂಬಿಕೆ ಬರಲು ಮಾತು ಸಾಲದು, ಲೆಕ್ಕ ಬೇಕು. ಫಿಸಿಯೋ ಮಾಡಿಸುವ ಸುಲಭದ ಪರೀಕ್ಷೆಯನ್ನೇ ಇಲ್ಲೂ ಮಾಡಿದೆವು. ಕೈ ಎರಡನ್ನೂ ಎದೆಗೆ ಅಡ್ಡ ಕಟ್ಟಿ, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ? ಅವರು ಎದ್ದದ್ದು 8 ಸಲ. ಹೆಂಡತಿ ಅದನ್ನು ರೂಮಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟರು.

ಕೊಟ್ಟ ಸಲಹೆಗಳಲ್ಲಿ ಕೆಲವು ಫಿಸಿಯೋ ಹೇಳಿದ್ದೇ. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ ಐದು ಎಣಿಸಿ ಇಳಿಸುವುದು. ಬೆಳಿಗ್ಗೆ ಹತ್ತು, ರಾತ್ರಿ ಹತ್ತು. ನನ್ನ ಪಾಲು, ಇದನ್ನು ಯಾವಾಗ ಮಾಡುತ್ತೀರಿ ಅಂತ ಗಟ್ಟಿ ಮಾಡುವುದು. "ಟೈಮ್ ಸಿಕ್ಕಾಗ" ಅಂದರೆ ಯಾರಿಗೂ ಸಿಗುವುದಿಲ್ಲ. ಚಾ ಕುದಿಯುವಷ್ಟು ಹೊತ್ತು ಅಂತ ಹೆಂಡತಿಯೇ ತೀರ್ಮಾನ ಮಾಡಿದರು.

ಸೈಟಿನದ್ದು ಕಷ್ಟದ ಮಾತು. ಮೊಣಕಾಲಿಗೆ ದಪ್ಪ ಪ್ಯಾಡ್ ಕಟ್ಟಿ, ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ, ಕಟಿಂಗ್ ಮೆಷಿನನ್ನು ಮೇಜಿನೆತ್ತರಕ್ಕೆ ಏರಿಸಿ ಎಂದೆ. ಆಗುವುದಿಲ್ಲ ಎಂದುಬಿಟ್ಟರು. ಕೆದಕಿದರೆ, ಹೆಲ್ಪರ್ ಹುಡುಗ ಒಮ್ಮೆ ಇವರ ನಡಿಗೆ ಅಣಕಿಸಿ ಎಲ್ಲರನ್ನೂ ನಗಿಸಿದ್ದನಂತೆ. ಆಮೇಲೆ ನೋವು ತೋರಿಸಬಾರದು ಅಂತ, ಎರಡಡಿ ಟೈಲ್ಸಿನ ಬಾಕ್ಸನ್ನೂ ತಾವೇ ಹೊತ್ತರು. ನಾಲ್ಕು ಟೈಲ್ಸಿನ ಬಾಕ್ಸು, 25 ಕೆಜಿ ದಾಟುತ್ತದೆ. ಸಿಟ್ಟು ಯಾಕೆ ಮನೆಗೆ ಬರುತ್ತಿತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ಹುಡುಗನಿಗೆ ಏನು ಹೇಳುವುದು ಅಂತ ಇಲ್ಲೇ ಎರಡು ಸಲ ಮಾತಾಡಿ ನೋಡಿದೆವು. ಕಡೆಗೆ ಅವರೇ ಒಂದು ವಾಕ್ಯ ಆರಿಸಿಕೊಂಡರು: "ನನ್ನ ಮೊಣಕಾಲು ನೋಯ್ತೈತಿ, ಬಾಕ್ಸು ನೀನು ತಾ, ಲೆವೆಲ್ ನಾ ಕಲಿಸ್ತೀನಿ." ಹುಡುಗ ಒಪ್ಪಿದ. ಅವನಿಗೂ ಕೆಲಸ ಕಲಿಯಬೇಕಿತ್ತು, ಅಲ್ವಾ? ಅರ್ಧ ಗಂಟೆಗೊಮ್ಮೆ ಎದ್ದು ಕಟಿಂಗ್ ಮಾಡುವುದು, ನೆಲ ಮತ್ತು ಗೋಡೆ ಕೆಲಸ ಬದಲಾಯಿಸಿಕೊಳ್ಳುವುದು, ಇವಕ್ಕೆ ಕಂತ್ರಾಟುದಾರರೂ ಅಡ್ಡಿ ಮಾಡಲಿಲ್ಲ.

ನನಗೆ ಹೊಳೆಯದೇ ಹೋದದ್ದು ರೂಮಿನ ಕಕ್ಕಸು. ದಿನಾ ಕುಕ್ಕರಗಾಲಿನಿಂದ ಏಳುವಾಗ ಜೀವ ಹೋದಂತಾಗುತ್ತದೆ ಎಂದು ಹೆಂಡತಿ ಹೇಳಿದಾಗ ನಾಚಿಕೆಯಾಯಿತು. ಕಮೋಡ್ ಹಾಕಿಸಲು ಮನೆ ಧಣಿ ಒಪ್ಪಲಿಲ್ಲ. ಗೋಡೆಗೆ ಒಂದು ಹಿಡಿಕೆ ಹಾಕಬಹುದಾ ಎಂದೆ. ಊರಿಗೆಲ್ಲ ಬಾತ್‌ರೂಮ್ ಮಾಡಿಕೊಟ್ಟವರು ಒಂದು ಭಾನುವಾರ ಡ್ರಿಲ್ ತಂದು, ಸ್ಟೀಲ್ ಪೈಪು ಕೂರಿಸಿ, ಫೋಟೋ ಕಳಿಸಿದರು.

ಮಾತ್ರೆಯ ವಿಷಯಕ್ಕೆ ಡಾಕ್ಟರ ಹತ್ತಿರ ಕಳಿಸಿದೆ. ಎಷ್ಟು, ಯಾವುದು, ಊಟದ ಮೇಲೆ ಹೇಗೆ ಅಂತ ಅವರು ಬರೆದುಕೊಟ್ಟರು. ಮಾತ್ರೆ ನುಂಗಿದ ದಿನ ಕುಡಿಯುವುದಿಲ್ಲ ಎಂಬ ಒಂದೇ ಒಪ್ಪಂದ ನಮ್ಮದು. ಎಲ್ಲ ವಾರವೂ ನಡೆದಿಲ್ಲ. ಮೊಣಕಾಲು ಊದಿ ಬಿಸಿಯಾಗಿ ಜ್ವರ ಬಂದರೆ, ಅಥವಾ ಮಡಚಿದ ಕಾಲು ಬಿಡಿಸಲು ಬಾರದೆ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂದಿದ್ದೇನೆ.

ಇನ್ನೊಂದು, ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರಾಗಿ ಹೆಸರು ನೋಂದಾಯಿಸಿದವರಿಗೆ ಸಿಗುವ ಗುರುತಿನ ಚೀಟಿ. ಇಷ್ಟು ವರ್ಷ ಮಾಡಿಸಿರಲೇ ಇಲ್ಲ. ಕಾನೂನಿನ ಪ್ರಕಾರ ದೊಡ್ಡ ಕಟ್ಟಡ ಕಟ್ಟಿಸುವವರು ಖರ್ಚಿನ 1% ಸೆಸ್ (ತೆರಿಗೆಯಂಥ ಶುಲ್ಕ) ಕಟ್ಟುತ್ತಾರೆ, ಆ ದುಡ್ಡು ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 18ರಿಂದ 60ರೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. "ನಂದ ರೊಕ್ಕ ಐತೇನ್ರಿ ಅಲ್ಲಿ?" ಎಂದು ಕೇಳಿದರು. ಅರ್ಜಿ ಹಾಕಿದ್ದಾರೆ, ಕಾರ್ಡ್ ಇನ್ನೂ ಬಂದಿಲ್ಲ.

ಎಂಟು ವಾರದ ಮೇಲೆ ಕುರ್ಚಿಯಿಂದ 12 ಸಲ ಎದ್ದರು. ಮೊಣಕಾಲಿನ ನಡುವಿನ ಮುಷ್ಟಿಯಷ್ಟು ಜಾಗ ಹಾಗೇ ಇದೆ. ಹನ್ನೆರಡನೇ ಸಲ ಎದ್ದು ನಿಂತವರು ಕೂರಲೇ ಇಲ್ಲ, ನನ್ನ ಮೇಜಿನ ಕಾಲಿನ ಹತ್ತಿರ ಬೆರಳು ತೋರಿಸಿದರು.

"ಮೇಡಮ್ಮಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲನೇ ದಿನಾನ ಹೇಳಬೇಕಂದಿದ್ದೆ. ಆ ಟೈಲ್ಸ್ ಒಂದ್ ಮೂಲಿ ಎದ್ದೈತಿ. ಯಾರರ ಎಡವ್ತಾರ."